ಅಚ್ಚಾದದ್ದು ಎಷ್ಟು, ಉಳಿದದ್ದು ಎಷ್ಟು: ಅಮೆರಿಕದ ಹಳೆಯ ಬೆಳ್ಳಿ ಡಾಲರಿಗೆ ಬೆಲೆ ಬರುವ ಬಗೆ

1962ರ ಕೊನೆಯವರೆಗೆ ಅಮೆರಿಕದ ನಾಣ್ಯ ಸಂಗ್ರಾಹಕರು ಅತ್ಯಂತ ದುರ್ಲಭವೆಂದು ನಂಬಿದ್ದ ಬೆಳ್ಳಿ ಡಾಲರುಗಳಲ್ಲಿ 1903-ಒ ಒಂದು. ಹೆಸರಿನಲ್ಲಿ ವರ್ಷದ ಪಕ್ಕ ಬರೆಯುವ ‘ಒ’ ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಗುರುತು. ಕೈಯಿಂದ ಕೈಗೆ ಹೋಗದೆ ಹೊಸದಾಗಿಯೇ ಉಳಿದಿರುವ ಒಂದು ನಾಣ್ಯಕ್ಕೆ ಬೆಲೆಪಟ್ಟಿಯಲ್ಲಿ 1,500 ಡಾಲರ್ ನಮೂದಾಗಿತ್ತು. ಆ ಕಾಲಕ್ಕೆ ಅದು ಸಣ್ಣ ಕಾರೊಂದರ ಹಣ. ಆ ವರ್ಷದ ಕೊನೆಯಲ್ಲಿ ಅಮೆರಿಕದ ಖಜಾನೆ ದಶಕಗಳಿಂದ ಬೀಗ ತೆಗೆಯದಿದ್ದ ಕೋಣೆಯಿಂದ ನಾಣ್ಯದ ಚೀಲಗಳನ್ನು ಹೊರತೆಗೆದು ಬ್ಯಾಂಕುಗಳಿಗೆ ಕಳಿಸಿತು. ಚೀಲ ಬಿಚ್ಚಿ ನೋಡಿದರೆ ಒಳಗೆ 1903-ಒ. ಒಂದೊಂದು ಚೀಲದಲ್ಲಿ ಸಾವಿರ. ಕೆಲವೇ ತಿಂಗಳಲ್ಲಿ ಅದರ ಬೆಲೆ ಮೂವತ್ತು ಡಾಲರ್ ಆಸುಪಾಸಿಗೆ ಇಳಿಯಿತು.

ಆ ನಾಣ್ಯ ಅಚ್ಚಾದದ್ದು 44.5 ಲಕ್ಷ ಎಂಬುದು ಟಂಕಸಾಲೆಯ ಲೆಕ್ಕಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು. ಅದರಲ್ಲಿ ಬಹುಪಾಲು ಕರಗಿಹೋಗಿದೆ ಎಂದು ಎಲ್ಲರೂ ಭಾವಿಸಿದ್ದರು. ಲೆಕ್ಕಪುಸ್ತಕ ಸುಳ್ಳಾಡಿರಲಿಲ್ಲ, ಆದರೆ ಅದು ಹೇಳುವ ಸಂಖ್ಯೆಗೂ ಇಂದು ಭೂಮಿಯ ಮೇಲಿರುವ ನಾಣ್ಯಗಳ ಸಂಖ್ಯೆಗೂ ನಡುವೆ ಬಹಳ ದೊಡ್ಡ ಕಂದಕವಿತ್ತು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬೆಳ್ಳಿ ನಾಣ್ಯಗಳಿಗೆ ಬೆಲೆ ಕಟ್ಟುವ ವಿದ್ಯೆಯೆಲ್ಲ ಆ ಕಂದಕವನ್ನು ಅಳೆಯುವುದರಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಕಂದಕ ಹೇಗೆ ಹುಟ್ಟಿತು ಎಂದು ತಿಳಿಯಲು ಸ್ವಲ್ಪ ರಾಜಕೀಯದ ಕತೆ ಬೇಕು. 1859ರಲ್ಲಿ ನೆವಾಡಾದ ಬೆಟ್ಟಗಳಲ್ಲಿ ಕಾಮ್‌ಸ್ಟಾಕ್ ಎಂಬ ಭಾರೀ ಬೆಳ್ಳಿ ನಿಕ್ಷೇಪ ಸಿಕ್ಕಿತು. ಗಣಿಯ ಹತ್ತಿರವೇ ಇರಲೆಂದು 1870ರಲ್ಲಿ ಕಾರ್ಸನ್ ಸಿಟಿಯಲ್ಲಿ ಹೊಸ ಟಂಕಸಾಲೆ ತೆರೆಯಿತು. ‘ಸಿಸಿ’ ಎಂಬ ಎರಡಕ್ಷರದ ಗುರುತು ಅದರದ್ದು. ಆದರೆ 1873ರ ಕಾನೂನು ಸಾಮಾನ್ಯ ಬೆಳ್ಳಿ ಡಾಲರನ್ನೇ ಪಟ್ಟಿಯಿಂದ ತೆಗೆದುಹಾಕಿತು. ಗಣಿ ಮಾಲೀಕರು ಮತ್ತು ಸಾಲದಲ್ಲಿ ಮುಳುಗಿದ್ದ ರೈತರು ಇದನ್ನು ‘73ರ ಅಪರಾಧ’ ಎಂದು ಕರೆದು ಐದು ವರ್ಷ ಹೋರಾಡಿದರು. ಅದರ ಫಲವೇ 1878ರ ಬ್ಲಾಂಡ್–ಆಲಿಸನ್ ಕಾಯ್ದೆ: ಸರ್ಕಾರ ಪ್ರತಿ ತಿಂಗಳೂ ಇಪ್ಪತ್ತರಿಂದ ನಲವತ್ತು ಲಕ್ಷ ಡಾಲರ್ ಮೌಲ್ಯದ ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕು.

ಹಾಗೆ ಬಂದದ್ದು ಸಂಗ್ರಾಹಕರು ‘ಮಾರ್ಗನ್ ಡಾಲರ್’ ಎನ್ನುವ ನಾಣ್ಯ. ಇಂಗ್ಲೆಂಡಿನಿಂದ ಬಂದ ಕೆತ್ತನೆಗಾರ ಜಾರ್ಜ್ ಮಾರ್ಗನ್ ಇದನ್ನು ರೂಪಿಸಿದ. ಮುಂಬದಿಯ ಸ್ವಾತಂತ್ರ್ಯದೇವಿಯ ಮುಖಕ್ಕೆ ಮಾದರಿಯಾಗಿ ಕುಳಿತವಳು ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಆನಾ ವಿಲಿಯಮ್ಸ್. ತೂಕ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್, ಹತ್ತರಲ್ಲಿ ಒಂಬತ್ತು ಭಾಗ ಬೆಳ್ಳಿ, ಒಂದು ಭಾಗ ತಾಮ್ರ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಇದು ಅಚ್ಚಾಯಿತು. ಇಷ್ಟು ಭಾರದ ನಾಣ್ಯವನ್ನು ಜೇಬಿನಲ್ಲಿ ಹೊತ್ತು ತಿರುಗಲು ಜನರಿಗೆ, ಅದರಲ್ಲೂ ಪೂರ್ವದ ರಾಜ್ಯಗಳವರಿಗೆ, ಇಷ್ಟವಿರಲಿಲ್ಲ. ಅವರ ಕೈಯಲ್ಲಿ ಓಡಾಡಿದ್ದು ಆ ಬೆಳ್ಳಿಯ ಹೆಸರಿನ ಕಾಗದದ ನೋಟು. ನಾಣ್ಯ ಮಾತ್ರ ಸಾವಿರದ ಚೀಲಗಳಲ್ಲಿ ಖಜಾನೆಯ ನೆಲಮಾಳಿಗೆ ಸೇರಿತು. ಕೋಟಿಗಟ್ಟಲೆ ನಾಣ್ಯಗಳು ಹೊರಗಿನ ಬೆಳಕನ್ನೇ ಕಾಣಲಿಲ್ಲ.

ಮುಂದಿನ ಅಧ್ಯಾಯ ನಮ್ಮ ನೆಲಕ್ಕೂ ಸೇರಿದ್ದು. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬ್ರಿಟಿಷ್ ಭಾರತದಲ್ಲಿ ಬೆಳ್ಳಿಗೆ ಹಾಹಾಕಾರ ಎದ್ದಿತ್ತು. ಯುದ್ಧದ ಖರೀದಿಗೆಂದು ಸರ್ಕಾರ ನೋಟುಗಳನ್ನು ಹೊರಡಿಸುತ್ತಾ ಹೋಯಿತು. ಜನ ನೋಟನ್ನು ನಂಬದೆ ಕಚೇರಿಗಳ ಮುಂದೆ ನಿಂತು ಬೆಳ್ಳಿ ರೂಪಾಯಿ ಕೇಳಿದರು. ಕೊಡಲು ಬೆಳ್ಳಿ ಸಾಲದಾಯಿತು. ಬ್ರಿಟನ್ ಅಮೆರಿಕದ ಮೊರೆಹೋಯಿತು. 1918ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯ್ದೆಯನ್ನು ಒಪ್ಪಿತು. ಅದರಡಿ 27,02,32,722 ಬೆಳ್ಳಿ ಡಾಲರುಗಳು ಮೂಸೆಗೆ ಬಿದ್ದವು. ಬಹುಪಾಲು ಬೆಳ್ಳಿ ಗಟ್ಟಿಯಾಗಿ ಹಡಗೇರಿ ಭಾರತಕ್ಕೆ ಬಂದು, ಮುಂಬೈ ಮತ್ತು ಕಲ್ಕತ್ತೆಯ ಟಂಕಸಾಲೆಗಳಲ್ಲಿ ಐದನೆಯ ಜಾರ್ಜ್ ದೊರೆಯ ಮುಖವಿರುವ ರೂಪಾಯಿಯಾಯಿತು. ಒಂದು ಡಾಲರಿನಲ್ಲಿ 24 ಗ್ರಾಂ ಚಿಲ್ಲರೆ ಶುದ್ಧ ಬೆಳ್ಳಿ, ಒಂದು ರೂಪಾಯಿಯಲ್ಲಿ 10.7 ಗ್ರಾಂನಷ್ಟು. ಅಂದರೆ ಒಂದು ಡಾಲರಿಗೆ ಎರಡೂಕಾಲು ರೂಪಾಯಿ. ನಮ್ಮ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ 1918ರ, 1919ರ ಬೆಳ್ಳಿ ರೂಪಾಯಿಯಲ್ಲಿ ನೆವಾಡಾದ ಗಣಿಯ ಬೆಳ್ಳಿ ಇದ್ದರೆ ಅಚ್ಚರಿಯಿಲ್ಲ.

ಸಂಗ್ರಾಹಕನಿಗೆ ಇಲ್ಲಿ ಮುಖ್ಯವಾದ ಸಂಗತಿ ಒಂದಿದೆ. ಕರಗಿಸುವಾಗ ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯ ಎಷ್ಟು ಕರಗಿತು ಎಂದು ಯಾರೂ ಬರೆದಿಡಲಿಲ್ಲ. ಕೈಗೆ ಸಿಕ್ಕ ಚೀಲ ಮೂಸೆಗೆ ಹೋಯಿತು. ಆ ದಿನದಿಂದ ಅಚ್ಚಿನ ಲೆಕ್ಕ ನಂಬಿ ಬೆಲೆ ಕಟ್ಟುವ ದಾರಿ ಮುಚ್ಚಿತು. ಉಳಿದದ್ದೆಷ್ಟು ಎಂಬುದು ಚೀಲಗಳು ಒಂದೊಂದಾಗಿ ಹೊರಬಂದಂತೆ, ಹರಾಜುಗಳಲ್ಲಿ ನಾಣ್ಯ ಕಾಣಿಸಿಕೊಂಡಂತೆ ನಿಧಾನವಾಗಿ ತಿಳಿಯಬೇಕಾಯಿತು.

1962ರ ನಂತರ ಜನ ನೋಟುಗಳನ್ನು ತಂದುಕೊಟ್ಟು ಖಜಾನೆಯಿಂದ ಬೆಳ್ಳಿ ಡಾಲರುಗಳನ್ನು ಚೀಲಗಟ್ಟಲೆ ಒಯ್ದರು. 1964ರ ಮಾರ್ಚ್‌ನಲ್ಲಿ ಖಜಾನೆ ಕೈ ತಡೆಯಿತು. ಕೊನೆಯಲ್ಲಿ ಉಳಿದ ಸುಮಾರು 30 ಲಕ್ಷ ನಾಣ್ಯಗಳಲ್ಲಿ ಹೆಚ್ಚಿನವು ಕಾರ್ಸನ್ ಸಿಟಿಯವು. ಅವನ್ನು ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ 1972ರಿಂದ 1980ರ ನಡುವೆ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಹಾಕಿ ಮಾರಿತು. ಆ ಪೆಟ್ಟಿಗೆಯೊಂದಿಗೇ ಇರುವ ನಾಣ್ಯಕ್ಕೆ ಇಂದಿಗೂ ಒಂದಿಷ್ಟು ಹೆಚ್ಚು ಹಣ ಕೊಡುವವರಿದ್ದಾರೆ.

ಈಗ ಒಂದೇ ವರ್ಷದ ಎರಡು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 1884-ಸಿಸಿ ಅಚ್ಚಾದದ್ದು 11.36 ಲಕ್ಷ. ಸ್ಯಾನ್ ಫ್ರಾನ್ಸಿಸ್ಕೋದ 1884-ಎಸ್ ಅಚ್ಚಾದದ್ದು 32 ಲಕ್ಷ. ಸಂಖ್ಯೆ ನೋಡಿದರೆ ಕಾರ್ಸನ್ ಸಿಟಿಯದ್ದೇ ದುರ್ಲಭವಾಗಬೇಕು. ಆದರೆ ಅದರಲ್ಲಿ 9.6 ಲಕ್ಷಕ್ಕೂ ಹೆಚ್ಚು ನಾಣ್ಯಗಳು ಸರ್ಕಾರಿ ಮಾರಾಟದಲ್ಲಿ ಹೊಚ್ಚ ಹೊಸದಾಗಿ ಹೊರಬಂದವು. ಟಂಕಸಾಲೆಯಿಂದ ಖಜಾನೆಗೆ ಹೋದದ್ದು ಅಲ್ಲೇ ಮಲಗಿತ್ತು. 1884-ಎಸ್ ಮಾತ್ರ ಪಶ್ಚಿಮದ ಪಟ್ಟಣಗಳಲ್ಲಿ ನಿಜಕ್ಕೂ ಕೈಯಿಂದ ಕೈಗೆ ಓಡಾಡಿ ಸವೆಯಿತು. ಸವೆದ 1884-ಎಸ್ ಇಂದಿಗೂ ಸಾಧಾರಣ ಬೆಲೆಗೆ ಸಿಗುತ್ತದೆ. ಸವೆಯದೆ ಉಳಿದದ್ದು ತೀರ ಕಡಿಮೆ ಇರುವುದರಿಂದ ಅತ್ಯುತ್ತಮ ಸ್ಥಿತಿಯದಕ್ಕೆ ಲಕ್ಷ ಡಾಲರಿಗೂ ಮೀರಿದ ಬೆಲೆ. ಯಾವ ಸ್ಥಿತಿಯಲ್ಲೂ ಸಿಗದ ನಾಣ್ಯ ಒಂದು ಬಗೆಯ ದುರ್ಲಭ. ಒಳ್ಳೆಯ ಸ್ಥಿತಿಯಲ್ಲಿ ಮಾತ್ರ ಸಿಗದ ನಾಣ್ಯ ಇನ್ನೊಂದು ಬಗೆ. ಹೊಸಬರು ಹೆಚ್ಚು ಹಣ ಕಳೆದುಕೊಳ್ಳುವುದು ಈ ಎರಡನ್ನೂ ಒಂದೇ ಎಂದುಕೊಂಡಾಗ.

ಹಾಗಾದರೆ ಸ್ಥಿತಿಯನ್ನು ಅಳೆಯುವುದು ಹೇಗೆ? 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ವೈದ್ಯ ಹಳೆಯ ತಾಮ್ರದ ಸೆಂಟುಗಳಿಗೆಂದು 1ರಿಂದ 70ರವರೆಗಿನ ಅಳತೆಗೋಲು ಮಾಡಿದ್ದ. ಅದನ್ನೇ ಮುಂದೆ ಎಲ್ಲ ನಾಣ್ಯಗಳಿಗೂ ಒಗ್ಗಿಸಿಕೊಂಡರು. 60ರಿಂದ ಮೇಲೆ ‘ಎಂಎಸ್’, ಅಂದರೆ ಚಲಾವಣೆಗೆ ಬಾರದ ನಾಣ್ಯ. ಅದರ ಕೆಳಗೆ, ತುಸುವೇ ತಿಕ್ಕಿದ ಗುರುತಿರುವ ‘ಎಯು’ ಇಂದ ಹಿಡಿದು ಅಕ್ಷರವೂ ಅಳಿಸಿದ ಸ್ಥಿತಿಯವರೆಗೆ ಹತ್ತಾರು ಮೆಟ್ಟಿಲು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಕೆಲಸ ಆರಂಭಿಸಿದವು. ಅವು ಶುಲ್ಕ ಪಡೆದು ನಾಣ್ಯದ ಅಸಲಿತನವನ್ನೂ ದರ್ಜೆಯನ್ನೂ ತೀರ್ಮಾನಿಸಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತವೆ. ಕೊಳ್ಳುವವನೂ ಮಾರುವವನೂ ಮುಖಾಮುಖಿಯಾಗದೆ ಸಾಗರದಾಚೆ ವ್ಯಾಪಾರ ಮಾಡಲು ಸಾಧ್ಯವಾದದ್ದು ಇದರಿಂದಲೇ.

ಸಂಖ್ಯೆಯ ಹಿಂದೆ ಪರೀಕ್ಷಕನ ಕಣ್ಣು ನೋಡುವುದು ಮುಖ್ಯವಾಗಿ ಮೂರು ಸಂಗತಿಗಳನ್ನು. ಮೊದಲನೆಯದು ಹೊಳಪು. ಅಚ್ಚಿನ ಒತ್ತಡಕ್ಕೆ ಬಿಲ್ಲೆಯ ಲೋಹ ಅಂಚಿನತ್ತ ಹರಿಯುತ್ತದೆ, ಆ ಹರಿವು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಬಿಡುತ್ತದೆ. ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ತಿರುಗಿಸಿದರೆ ಬೆಳಕು ಬಂಡಿಚಕ್ರದ ಅರಗಳಂತೆ ಸುತ್ತುತ್ತದೆ. ಈ ಗೆರೆಗಳು ಒಮ್ಮೆ ಸವೆದರೆ ಜಗತ್ತಿನ ಯಾವ ಪಾಲಿಶೂ ಅದನ್ನು ಮರಳಿ ತರಲಾರದು. ಎರಡನೆಯದು ಅಚ್ಚು ಎಷ್ಟು ಗಟ್ಟಿಯಾಗಿ ಬಿದ್ದಿದೆ ಎಂಬುದು. ಮಾರ್ಗನ್ ಡಾಲರಿನಲ್ಲಿ ದೇವಿಯ ಕಿವಿಯ ಮೇಲಿನ ಕೂದಲು ಮತ್ತು ಹಿಂಬದಿಯ ಹದ್ದಿನ ಎದೆಯ ಗರಿಗಳನ್ನು ನೋಡಬೇಕು. ನ್ಯೂ ಆರ್ಲಿಯನ್ಸಿನ ಎಷ್ಟೋ ನಾಣ್ಯಗಳಲ್ಲಿ ಆ ಜಾಗಗಳು ಹೊಸದಿರುವಾಗಲೇ ಮೊಂಡು. ಅದನ್ನು ಸವಕಲು ಎಂದು ತಪ್ಪು ತಿಳಿಯಬಾರದು. ಮೂರನೆಯದು ಗೀರುಗಳು. ಸಾವಿರ ನಾಣ್ಯಗಳ ಚೀಲವನ್ನು ಎತ್ತಿ ಹಾಕಿದಾಗಲೆಲ್ಲ ಒಂದರ ಅಂಚು ಇನ್ನೊಂದರ ಮುಖಕ್ಕೆ ಬಡಿಯುತ್ತದೆ. ದೇವಿಯ ಅಗಲವಾದ ಕೆನ್ನೆಯ ಮೇಲೆ ಗೀರಿದ್ದರೆ ಎದ್ದು ಕಾಣುತ್ತದೆ, ಕೂದಲಿನ ನಡುವೆ ಇದ್ದರೆ ಅಡಗುತ್ತದೆ. ಎಂಎಸ್-64 ಮತ್ತು ಎಂಎಸ್-65ರ ನಡುವೆ ಬರಿಗಣ್ಣಿಗೆ ಕಾಣುವ ವ್ಯತ್ಯಾಸ ತೀರ ಸಣ್ಣದು. ಕೆಲವು ವರ್ಷಗಳ ನಾಣ್ಯದಲ್ಲಿ ಬೆಲೆ ಮಾತ್ರ ಹಲವು ಪಟ್ಟು ಜಿಗಿಯುತ್ತದೆ.

ಇದೇ ಕಾರಣಕ್ಕೆ ಒಂದು ಮಾತನ್ನು ಒತ್ತಿ ಹೇಳಬೇಕು: ಹಳೆಯ ನಾಣ್ಯವನ್ನು ತೊಳೆಯಬೇಡಿ, ತಿಕ್ಕಬೇಡಿ. ಹಬ್ಬಕ್ಕೆ ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ಬೆಳಗುವುದು ನಮ್ಮ ಮನೆಗಳ ರೂಢಿ, ದೀಪಕ್ಕೆ ಅದು ಸರಿ. ನಾಣ್ಯದ ಮೇಲೆ ಅದೇ ಪುಡಿ ಬಿದ್ದರೆ ಆ ಸೂಕ್ಷ್ಮ ಗೆರೆಗಳು ಒಂದೇ ನಿಮಿಷದಲ್ಲಿ ಹೋಗುತ್ತವೆ, ಜೊತೆಗೆ ಬೆಲೆಯ ದೊಡ್ಡ ಪಾಲೂ ಹೋಗುತ್ತದೆ. ನೂರು ವರ್ಷ ಬಟ್ಟೆಯ ಚೀಲಕ್ಕೆ ಅಂಟಿಕೊಂಡಿದ್ದ ನಾಣ್ಯದ ಮೇಲೆ ಗಂಧಕದ ಅಂಶ ಸೇರಿ ನೀಲಿ, ಕೆಂಪು, ಹೊನ್ನಿನ ಬಣ್ಣಗಳ ಪದರ ಮೂಡಿರುತ್ತದೆ. ಹಾಗೆ ತಾನಾಗಿ ಬಂದ ಬಣ್ಣ ಚೆಂದವಾಗಿದ್ದರೆ ಸಂಗ್ರಾಹಕರು ಅದಕ್ಕೆಂದೇ ಹೆಚ್ಚು ಕೊಡುತ್ತಾರೆ. ಕಪ್ಪಾಗಿದೆ ಎಂದು ಅದನ್ನು ಉಜ್ಜಿ ಬೆಳ್ಳಗೆ ಮಾಡಿದವನು ಹಾಳುಮಾಡಿದ್ದು ಮತ್ತೆ ಹುಟ್ಟದ ವಸ್ತುವನ್ನು.

ಇನ್ನು ಮಾರ್ಗನ್ ಸರಣಿಯ ಅತ್ಯಂತ ಬೇಡಿಕೆಯ ನಾಣ್ಯ: 1893-ಎಸ್. ಅಚ್ಚಾದದ್ದು ಒಂದೇ ಲಕ್ಷ, ಮುಂದೆ ಹೇಳುವ 1895ರ ಒಗಟನ್ನು ಬಿಟ್ಟರೆ ಚಲಾವಣೆಗೆಂದು ಮಾಡಿದ ಮಾರ್ಗನ್ ಡಾಲರುಗಳಲ್ಲೇ ಅತಿ ಕಡಿಮೆ. ಇದರಲ್ಲಿ ಅಚ್ಚಿನ ಲೆಕ್ಕವೂ ಉಳಿದ ಲೆಕ್ಕವೂ ಒಂದೇ ದಿಕ್ಕಿಗೆ ಕೈತೋರುತ್ತವೆ. ಚೆನ್ನಾಗಿ ಸವೆದದ್ದಕ್ಕೂ ಸಾವಿರಾರು ಡಾಲರ್ ಬೆಲೆ. ಹಾಗಾಗಿ ಖೋಟಾ ಮಾಡುವವರಿಗೂ ಇದೇ ಮೆಚ್ಚಿನ ನಾಣ್ಯ. ಫಿಲಡೆಲ್ಫಿಯಾದ 1893ರ ನಾಣ್ಯಕ್ಕೆ ಯಾವ ಗುರುತೂ ಇರುವುದಿಲ್ಲ. ಅದರ ಹಿಂಬದಿಯಲ್ಲಿ ಹೂಮಾಲೆಯ ಕೆಳಗೆ ಬೇರೆ ನಾಣ್ಯದಿಂದ ಕಿತ್ತ ಒಂದು ‘ಎಸ್’ ಅಂಟಿಸಿದರೆ ಸಾಕು, ಅಂದುಕೊಳ್ಳುತ್ತಾರೆ.

ಇದನ್ನು ಹಿಡಿಯುವ ವಿಧಾನ ನನಗೆ ಈ ಇಡೀ ವಿದ್ಯೆಯ ಅತಿ ಸುಂದರ ಭಾಗ. ಒಂದು ಲಕ್ಷ ನಾಣ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಂಬದಿಗೆ ಬಳಸಿದ್ದು ಒಂದೇ ಒಂದು ಅಚ್ಚು. ಆ ಉಕ್ಕಿನ ಅಚ್ಚಿನ ಮೇಲೆ, ‘ಲಿಬರ್ಟಿ’ ಪದದಲ್ಲಿ ಬರುವ ‘ಟಿ’ ಅಕ್ಷರದ ಮೇಲ್ಭಾಗದಲ್ಲಿ, ಒಂದು ಸಣ್ಣ ಓರೆ ಗೀರಿತ್ತು. ಅಚ್ಚಿನಲ್ಲಿ ಗೀರು ತಗ್ಗಾದರೆ ನಾಣ್ಯದಲ್ಲಿ ಅದು ಉಬ್ಬಾಗಿ ಮೂಡುತ್ತದೆ. ಅಸಲಿ 1893-ಎಸ್‌ನಲ್ಲಿ ಭೂತಗನ್ನಡಿ ಹಿಡಿದರೆ ಆ ಉಬ್ಬುಗೆರೆ ಕಾಣಬೇಕು. ವರ್ಷದ ಅಂಕಿಗಳು ಅಂಚಿನ ಹಲ್ಲುಗಳಿಗೆ ಎಲ್ಲಿ ಎದುರಾಗಿ ನಿಂತಿವೆ ಎಂಬುದೂ ನಿಶ್ಚಿತ. ‘ಎಸ್’ ಅಂಟಿಸಿದವನು ಹಿಂಬದಿಯನ್ನು ಬದಲಿಸಿದ, ಆದರೆ ಮುಂಬದಿ ಫಿಲಡೆಲ್ಫಿಯಾದ ಬೇರೆ ಅಚ್ಚಿನದಾಗಿಯೇ ಉಳಿಯಿತು. 1889-ಸಿಸಿಯಂಥ ಬೇರೆ ದುಬಾರಿ ನಾಣ್ಯಗಳಿಗೂ ಇದೇ ಬಗೆಯ ಅಚ್ಚಿನ ಕುರುಹುಗಳನ್ನು ಸಂಶೋಧಕರು ಗುರುತಿಸಿಟ್ಟಿದ್ದಾರೆ. ತೂಕ, ಅಡ್ಡಳತೆ, ಅಯಸ್ಕಾಂತಕ್ಕೆ ಅಂಟುತ್ತದೆಯೇ ಎಂಬ ಪರೀಕ್ಷೆಗಳು ಬೇಕು. ಆದರೆ ಅಸಲಿ ನಾಣ್ಯವನ್ನೇ ತಿದ್ದಿದ ಮೋಸವನ್ನು ಅವು ಹಿಡಿಯಲಾರವು, ಏಕೆಂದರೆ ಆ ಬೆಳ್ಳಿ ನಿಜವಾದ ಬೆಳ್ಳಿಯೇ.

ಬೆಳ್ಳಿ ನಿಜವಾಗಿದ್ದೂ ನಾಣ್ಯ ಖೋಟಾ ಆಗಿರಬಹುದು. ಬೆಳ್ಳಿಯ ಬೆಲೆ ಬಿದ್ದಿದ್ದ ಕಾಲದಲ್ಲಿ ಡಾಲರಿನಲ್ಲಿದ್ದ ಲೋಹ ಒಂದು ಡಾಲರಿಗಿಂತ ಎಷ್ಟೋ ಕಡಿಮೆಗೆ ಸಿಗುತ್ತಿತ್ತು. ಒಳ್ಳೆಯ ಬೆಳ್ಳಿಯಿಂದಲೇ ಕಳ್ಳನಾಣ್ಯ ಅಚ್ಚುಹಾಕಿದರೂ ಲಾಭ. 1896, 1900, 1902ರ ವರ್ಷ ಹೊತ್ತ, ‘ಒ’ ಅಕ್ಷರ ತೀರ ಚಿಕ್ಕದಾಗಿರುವ ಡಾಲರುಗಳನ್ನು ಸಂಗ್ರಾಹಕರು ದಶಕಗಳ ಕಾಲ ಟಂಕಸಾಲೆಯದೇ ವಿಶೇಷ ಬಗೆ ಎಂದು ಕೊಂಡಿದ್ದರು. ಅವು ಹಳೆಯ ಕಳ್ಳನಾಣ್ಯಗಳೆಂದು ತೀರ್ಮಾನವಾದದ್ದು 2005ರಲ್ಲಿ.

1895ರ ಫಿಲಡೆಲ್ಫಿಯಾ ಡಾಲರಿನದು ಬೇರೆಯೇ ಒಗಟು. ಚಲಾವಣೆಗೆ 12,000 ಅಚ್ಚಾಯಿತೆಂದು ಲೆಕ್ಕವಿದೆ. ಖಚಿತವಾಗಿ ಅಂಥದ್ದೆನ್ನಬಹುದಾದ ಒಂದೂ ಸಿಕ್ಕಿಲ್ಲ. ಸಿಗುವುದೆಲ್ಲ ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಉಜ್ಜಿದ ಅಚ್ಚಿನಿಂದ ಮಾಡಿದ 880 ‘ಪ್ರೂಫ್’ ನಾಣ್ಯಗಳಲ್ಲಿ ಉಳಿದವು. ಆ ಹನ್ನೆರಡು ಸಾವಿರ ಹಿಂದಿನ ವರ್ಷದ ಅಚ್ಚಿನಿಂದ ಆಗಿರಬಹುದು, ಇಲ್ಲವೇ ಎಲ್ಲವೂ ಮೂಸೆ ಸೇರಿರಬಹುದು. ಎರಡೂ ವಾದಗಳಿವೆ.

ಮಾರ್ಗನ್‌ಗಿಂತ ಹಿಂದಿನ ನಾಣ್ಯಗಳಲ್ಲಿ ದುರ್ಲಭತೆ ಹುಟ್ಟುವುದು ಹೆಚ್ಚಾಗಿ ಕಾನೂನು ಬದಲಾದ ವರ್ಷಗಳಲ್ಲಿ. ಕ್ಯಾಲಿಫೋರ್ನಿಯಾದ ಚಿನ್ನ ಪೇಟೆಗೆ ಹರಿದು ಬಂದಾಗ ಚಿನ್ನದೆದುರು ಬೆಳ್ಳಿಯ ಬೆಲೆ ಏರಿ, ಜನ ಚಿಲ್ಲರೆ ನಾಣ್ಯಗಳನ್ನು ಕರಗಿಸತೊಡಗಿದರು. 1853ರಲ್ಲಿ ಅರ್ಧ ಡಾಲರಿನ ತೂಕವನ್ನು 13.36 ಗ್ರಾಂನಿಂದ 12.44ಕ್ಕೆ ಇಳಿಸಿ, ಗುರುತಿಗೆಂದು ವರ್ಷದ ಎರಡೂ ಬದಿಗೆ ಬಾಣದ ಮೊನೆ ಹಾಕಿದರು. ಆ ವರ್ಷದ ನ್ಯೂ ಆರ್ಲಿಯನ್ಸಿನ ಬಾಣವಿಲ್ಲದ ಅರ್ಧ ಡಾಲರ್ ಇಂದು ಮೂರು-ನಾಲ್ಕು ಮಾತ್ರ ಇವೆ. 1873ರಲ್ಲಿ ತೂಕ ಮತ್ತೆ ತುಸು ಏರಿದಾಗ ಮತ್ತೆ ಬಾಣಗಳು ಬಂದವು. ಕಾರ್ಸನ್ ಸಿಟಿಯಲ್ಲಿ ಅದಕ್ಕೂ ಮೊದಲೇ ಅಚ್ಚಾಗಿದ್ದ, ಬಾಣವಿಲ್ಲದ 12,400 ಡೈಮುಗಳಲ್ಲಿ, ಅಂದರೆ ಹತ್ತು ಸೆಂಟಿನ ನಾಣ್ಯಗಳಲ್ಲಿ, ಉಳಿದಿರುವುದು ಒಂದೇ ಒಂದು.

ಎಲ್ಲ ಇತಿಹಾಸಕ್ಕೂ ದೊಡ್ಡ ಬೆಲೆ ತೆರಬೇಕೆಂದಿಲ್ಲ. 1861-ಒ ಅರ್ಧ ಡಾಲರ್ 25 ಲಕ್ಷಕ್ಕೂ ಹೆಚ್ಚು ಅಚ್ಚಾಯಿತು. ಅಂತರ್ಯುದ್ಧ ಆರಂಭವಾದ ಆ ವರ್ಷ ಅದೇ ಟಂಕಸಾಲೆ ಮೊದಲು ಅಮೆರಿಕದ ಒಕ್ಕೂಟದ ಕೈಯಲ್ಲಿ, ಆಮೇಲೆ ಲೂಸಿಯಾನ ರಾಜ್ಯದ ಕೈಯಲ್ಲಿ, ಕೊನೆಗೆ ದಕ್ಷಿಣದ ಬಂಡಾಯ ಸರ್ಕಾರದ ಕೈಯಲ್ಲಿತ್ತು. ಮೂವರೂ ಅದೇ ವಿನ್ಯಾಸ ಮುಂದುವರಿಸಿದರು. 1865ರಲ್ಲಿ ಮುಳುಗಿದ ‘ರಿಪಬ್ಲಿಕ್’ ಹಡಗನ್ನು 2003ರಲ್ಲಿ ಪತ್ತೆಹಚ್ಚಿದಾಗ ಇಂಥ ಎಷ್ಟೋ ಅರ್ಧ ಡಾಲರುಗಳು ಮೇಲೆ ಬಂದವು. ಸಮುದ್ರದ ಉಪ್ಪು ಮೇಲ್ಮೈಯನ್ನು ತಿಂದಿರುವುದರಿಂದ ಅವನ್ನು ಹಡಗಿನ ನಾಣ್ಯವೆಂದೇ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಇತಿಹಾಸಕ್ಕಾಗಿ ಸಂಗ್ರಹಿಸುವವರಿಗೆ ನಾನು ಮೊದಲು ಸೂಚಿಸುವುದು 1861-ಒ.

ಇದಕ್ಕೆ ನೇರ ವಿರುದ್ಧ ತುದಿಯಲ್ಲಿರುವುದು 1804ರ ಡಾಲರ್. 1804ರಲ್ಲಿ 19,570 ಡಾಲರ್ ಅಚ್ಚಾದವೆಂದು ದಾಖಲೆ ಹೇಳುತ್ತದೆ, ಆದರೆ ಅವೆಲ್ಲ ಹಿಂದಿನ ವರ್ಷಗಳ ಅಚ್ಚಿನವು. ಮೂವತ್ತು ವರ್ಷಗಳ ನಂತರ ಎಡ್ಮಂಡ್ ರಾಬರ್ಟ್ಸ್ ಎಂಬ ದೂತ ಏಷ್ಯಾದ ದೊರೆಗಳಿಗೆ ಉಡುಗೊರೆ ಒಯ್ಯಬೇಕಾದಾಗ, ದೇಶದ ಎಲ್ಲ ನಾಣ್ಯಗಳ ಸಂಪುಟ ಬೇಕಾಯಿತು. ಡಾಲರ್ ಕೊನೆಯದಾಗಿ ಅಚ್ಚಾದದ್ದು 1804ರಲ್ಲಿ ಎಂದು ದಾಖಲೆಯಲ್ಲಿ ಕಂಡ ಟಂಕಸಾಲೆಯವರು 1834ರ ಹೊತ್ತಿಗೆ ಆ ವರ್ಷವನ್ನೇ ಕೆತ್ತಿ ಹೊಸ ನಾಣ್ಯ ಮಾಡಿದರು. ಮಸ್ಕತ್‌ನ ಸುಲ್ತಾನನಿಗೂ ಸಯಾಮಿನ ದೊರೆಗೂ ಸಂಪುಟಗಳು ತಲುಪಿದವು. ರಾಬರ್ಟ್ಸ್ 1836ರಲ್ಲಿ ಮಕಾವ್‌ನಲ್ಲಿ ತೀರಿಕೊಂಡ. ಮುಂದೆ ಟಂಕಸಾಲೆಯಲ್ಲಿ ಇನ್ನಷ್ಟು ಪ್ರತಿಗಳೂ ಹುಟ್ಟಿದವು. ಎಲ್ಲ ಬಗೆಯೂ ಸೇರಿ ಇಂದು ತಿಳಿದಿರುವುದು ಹದಿನೈದು-ಹದಿನಾರು. ಸುಲ್ತಾನನಿಗೆ ಹೋಗಿತ್ತೆನ್ನುವ ಪ್ರತಿ 2021ರ ಹರಾಜಿನಲ್ಲಿ 76.8 ಲಕ್ಷ ಡಾಲರಿಗೆ ಹೋಯಿತು. ಇದಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಉಳಿದ ಬೆಳ್ಳಿ ನಾಣ್ಯಗಳಿವೆ, ಅವುಗಳಿಗೆ ಈ ಬೆಲೆಯಿಲ್ಲ. ಯಾರ ಯಾರ ಕೈ ದಾಟಿ ಬಂದಿದೆ ಎಂಬ ವಂಶಾವಳಿಗೂ ಹಣ ಬರುತ್ತದೆ.

ನಿಮ್ಮ ಕೈಗೆ ಒಂದು ಬೆಳ್ಳಿ ಡಾಲರ್ ಬಂದರೆ ಮೊದಲು ಕೆಳಗಿನ ಮಿತಿ ಗೊತ್ತುಮಾಡಿಕೊಳ್ಳಿ: ಅದರಲ್ಲಿ 0.7734 ಟ್ರಾಯ್ ಔನ್ಸ್ (ಬೆಳ್ಳಿ, ಬಂಗಾರ ತೂಗುವ ಅಳತೆ) ಬೆಳ್ಳಿಯಿದೆ, ಅದನ್ನು ಔನ್ಸಿಗೆ ಅಂದಿನ ಬೆಳ್ಳಿ ದರದಿಂದ ಗುಣಿಸಿದರೆ ಲೋಹದ ಬೆಲೆ ಬಂತು. ಆಮೇಲೆ ವರ್ಷ, ಟಂಕಸಾಲೆಯ ಗುರುತು, ಸ್ಥಿತಿ. ಮಾರುವವರು ಕೇಳುತ್ತಿರುವ ಬೆಲೆ ನೋಡಿ ಮೋಸಹೋಗಬೇಡಿ. ಹೆರಿಟೇಜ್, ಸ್ಟ್ಯಾಕ್ಸ್ ಬೋವರ್ಸ್‌ನಂಥ ಹರಾಜು ಸಂಸ್ಥೆಗಳು ನಾಣ್ಯ ನಿಜವಾಗಿ ಮಾರಾಟವಾದ ಬೆಲೆಗಳನ್ನು ಚಿತ್ರಸಹಿತ ಪ್ರಕಟಿಸುತ್ತವೆ. ಅದರಲ್ಲಿ ಕೊಳ್ಳುವವನು ಸಂಸ್ಥೆಗೆ ಕೊಡುವ ಕಮಿಷನ್ನೂ ಸೇರಿರುತ್ತದೆ, ಆದ್ದರಿಂದ ಮಾರಿದವನ ಕೈಗೆ ಬಂದದ್ದು ಅದಕ್ಕಿಂತ ಕಡಿಮೆ. ದರ್ಜೆ ಸಂಸ್ಥೆಗಳು ತಾವು ಇದುವರೆಗೆ ನೋಡಿದ ನಾಣ್ಯಗಳ ಎಣಿಕೆಯನ್ನೂ ಕೊಡುತ್ತವೆ. ಹೆಚ್ಚಿನ ದರ್ಜೆ ಸಿಗಲೆಂದು ಒಂದೇ ನಾಣ್ಯವನ್ನು ಪ್ಲಾಸ್ಟಿಕ್ ಒಡೆದು ಮತ್ತೆ ಮತ್ತೆ ಕಳಿಸುವವರಿರುವುದರಿಂದ ಆ ಎಣಿಕೆ ಉಬ್ಬಿರುತ್ತದೆ.

ಸಂಗ್ರಹ ಆರಂಭಿಸುವವರು, ಅದರಲ್ಲೂ ಅಮೆರಿಕದಲ್ಲಿದ್ದು ನಾಣ್ಯ ಪ್ರದರ್ಶನಗಳಿಗೆ ಹೋಗಬಲ್ಲ ಕನ್ನಡಿಗರು, ಮೊದಲಿಗೆ ದುರ್ಲಭ ನಾಣ್ಯಕ್ಕೆ ಕೈಹಾಕುವುದು ಬೇಡ. 1881-ಎಸ್ ಕೊಳ್ಳಿ. 1.276 ಕೋಟಿ ಅಚ್ಚಾದ, ಹೇರಳವಾಗಿ ಉಳಿದ, ಸ್ಯಾನ್ ಫ್ರಾನ್ಸಿಸ್ಕೋದವರು ಅಚ್ಚುಕಟ್ಟಾಗಿ ಒತ್ತಿದ ನಾಣ್ಯ ಅದು. ಎಂಎಸ್-64 ದರ್ಜೆಯದು ತೀರ ದುಬಾರಿಯಲ್ಲ. ಒಂದೇ ದೀಪದ ಕೆಳಗೆ ಅದನ್ನು ದಿನವೂ ತಿರುಗಿಸಿ ನೋಡಿ, ಕಿವಿಯ ಮೇಲಿನ ಕೂದಲೆಳೆಗಳನ್ನು ಭೂತಗನ್ನಡಿಯಲ್ಲಿ ಗಮನಿಸಿ. ಆಮೇಲೆ ನ್ಯೂ ಆರ್ಲಿಯನ್ಸಿನ ನಾಣ್ಯವೊಂದನ್ನು ಅದರ ಪಕ್ಕದಲ್ಲಿಟ್ಟರೆ, ಮೊಂಡಾಗಿ ಬಿದ್ದ ಅಚ್ಚು ಯಾವುದು, ಸವೆತ ಯಾವುದು ಎಂದು ಕಣ್ಣಿಗೇ ತಿಳಿಯುತ್ತದೆ.